ಚಾಪೆ ಎತ್ತರದ ಕ್ಯಾಮೆರಾ

ಕ್ಯಾಮೆರಾ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು, ಯಾವ ಲೆನ್ಸ್ ಕೊಳ್ಳಬೇಕು ಎಂದು. ಭಯದ ಸಿನಿಮಾದ ಹುಚ್ಚು ಇದ್ದವರಾದರೆ ಎರಡನೆಯ ಪ್ರಶ್ನೆ, ದೆವ್ವವನ್ನು ಯಾವ ಕೋನದಿಂದ ತೋರಿಸಬೇಕು ಎಂದು. ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಬಾಡಿಗೆಗೆ ಸಿಕ್ಕ ಲೆನ್ಸಿನಲ್ಲೇ ನನ್ನ ಕೆಲಸವೆಲ್ಲ ನಡೆಯಿತು. ಎರಡನೆಯದಕ್ಕೆ ಉತ್ತರವಿದೆ, ಆದರೆ ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ.

ನಾನು ನಿವೃತ್ತಳು ಎಂದರೆ ನಗಬೇಡಿ. ನನಗಿನ್ನೂ ನಲವತ್ತಾಗಿಲ್ಲ. ಕ್ಯಾಮೆರಾ ಹೊತ್ತು ಹೊತ್ತು ಬಲ ಹೆಗಲಿನ ಕೀಲು ಸವೆಯಿತು. ಹಾಲಿನ ಪ್ಯಾಕೆಟ್ಟಿಗಿಂತ ಭಾರದ್ದು ಎತ್ತಬಾರದು ಎಂದು ವೈದ್ಯರು ಹೇಳಿದ ದಿನ ಈ ಕೆಲಸ ಬಿಟ್ಟೆ. ಯಾವ ಚಿತ್ರಕ್ಕೆ ಯಾವ ಹುದ್ದೆ, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಕೆಲಸ ನಿಜವಾಗಿ ಹೇಗಿತ್ತು ಎಂಬುದನ್ನಷ್ಟೇ ಹೇಳುತ್ತೇನೆ. ಅದರಲ್ಲೂ ಹೆಚ್ಚಿನ ಜಾಗ ಒಂದೇ ಚಿತ್ರಕ್ಕೆ. ಕ್ಯಾಮೆರಾ ನನ್ನ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದು ಆ ಚಿತ್ರದ ಕೊನೆಯ ಶಾಟಿನ ಮೇಲೆ ನಿಂತಿತ್ತು.

ನಮ್ಮ ತಂದೆ ಭಾಲ್ಕಿ ಕಡೆಯವರು. ಕೇಂದ್ರ ಸರ್ಕಾರದ ಕಚೇರಿಯ ಕೆಲಸದಲ್ಲಿ ವರ್ಗವಾಗಿ ಸಂಭಾಜಿನಗರಕ್ಕೆ ಬಂದು ಇಲ್ಲೇ ನಿಂತರು. ಮನೆಯಲ್ಲಿ ಅವ್ವನ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಸೆಟ್ಟಿನಲ್ಲಿ ಹಿಂದಿ. ನಾನು ದಿನಚರಿಯನ್ನು ಕನ್ನಡದಲ್ಲಿ ಬರೆಯತೊಡಗಿದ್ದು ಭಾಷಾಭಿಮಾನದಿಂದಲ್ಲ. ಸೆಟ್ಟಿನಲ್ಲಿ ಯಾರಿಗೂ ಓದಲು ಬರಬಾರದು ಎಂದು. ತಾರೀಖು, ಜಾಗ, ಲೆನ್ಸ್, ಕ್ಯಾಮೆರಾ ನೆಲದಿಂದ ಎಷ್ಟು ಎತ್ತರ, ಎಷ್ಟು ಟೇಕು, ಕೊನೆಗೆ ‘ಯಾರು ಹೆದರಿದರು’. ಈ ಕೊನೆಯ ಸಾಲಿನಲ್ಲಿ ನಿರ್ದೇಶಕರಿಗಿಂತ ಚಹಾ ತರುವವರ ಹೆಸರೇ ಹೆಚ್ಚು ಸಲ ಬಂದಿದೆ. ನಿರ್ದೇಶಕರಿಗೆ ಕಥೆ ಗೊತ್ತಿರುತ್ತದೆ, ಅವರು ಹೆದರುವುದಿಲ್ಲ.

ನನ್ನ ಮೊದಲ ಭಯದ ಚಿತ್ರ ಭಯದ ಚಿತ್ರವಾಗಬೇಕಾಗಿರಲಿಲ್ಲ.

ಬಸವಕಲ್ಯಾಣದ ಬಸವರಾಜಪ್ಪ ಕಾಕಾ ನಮ್ಮ ತಂದೆಯ ಪರಿಚಯದವರು. ಊರ ಹೊರಗೆ ಕಾರ್ಖಾನೆಗಳಿರುವ ವಾಳೂಜಿನಲ್ಲಿ ಅವರದು ಗಾಡಿ ಬಿಡಿಭಾಗಗಳ ಅಂಗಡಿ, ದೌಲತಾಬಾದಿನ ಕೋಟೆ ರಸ್ತೆಯಲ್ಲಿ ಒಂದು ಲಾಡ್ಜು. ಕೋಟೆ ನೋಡಲು ಬರುವವರಿಗೆ ತೋರಿಸಲು ಲಾಡ್ಜಿನ ಒಂದು ಚಿಕ್ಕ ವಿಡಿಯೋ ಬೇಕೆಂದು ನನ್ನನ್ನು ಕರೆಸಿದರು. ಆಗಷ್ಟೇ ಕ್ಯಾಮೆರಾ ಕೋರ್ಸು ಮುಗಿಸಿದ್ದೆ. ನನ್ನ ಕೈಚಳಕವನ್ನೆಲ್ಲ ತೋರಿಸಿಬಿಡಬೇಕು ಎಂಬ ಉಮೇದು. ಲಾಡ್ಜಿನ ಉದ್ದನೆಯ ಓಣಿಯಂಥ ವರಾಂಡವನ್ನು ಮೊಣಕಾಲಿನ ಎತ್ತರದಿಂದ ಹಿಡಿದೆ. ಚೊಕ್ಕಟವಾಗಿ ಕಾಣಲಿ ಎಂದು ಎಲ್ಲರನ್ನೂ ಆಚೆ ಕಳಿಸಿದ್ದೆ. ಒಳಗಿನ ಹಾಸಿಗೆಯೂ ಒಂಚೂರು ಕಾಣಲಿ ಎಂದು ಕೊನೆಯ ಕೋಣೆಯ ಬಾಗಿಲನ್ನು ಅರ್ಧ ತೆರೆದಿಟ್ಟೆ. ಆಮೇಲೆ ಕ್ಯಾಮೆರಾವನ್ನು ನಿಧಾನ, ಬಹಳ ನಿಧಾನವಾಗಿ ಆ ಬಾಗಿಲಿನ ಕಡೆ ತೆಗೆದುಕೊಂಡು ಹೋದೆ.

ಕಾಕಾ ಅಂಗಡಿಯ ಕಂಪ್ಯೂಟರಿನಲ್ಲಿ ಅದನ್ನು ಎರಡು ಸಲ ನೋಡಿದರು.

“ಶೈಲಾ, ಇದು ನಮ್ಮ ಲಾಡ್ಜೇ ಏನವಾ?”

“ಹೌದ್ರೀ ಕಾಕಾ.”

“ನಾ ಅದರ ಮಾಲಕ. ನನಗಾ ಒಳಗ ಹೋಗ್ಲಿಕ್ಕ ಹೆದರಿಕಿ ಬರ್ಲಿಕತ್ತದ. ರೂಮ್ ತೋರ್ಸು ಅಂದ್ರ, ರೂಮಿನ್ಯಾಗ ಯಾರೋ ಕುಂತಾರ ಅಂತ ತೋರ್ಸಿದಿ.”

ಮರುದಿನವೇ ಪರದೆ ಸರಿಸಿ, ಬಿಸಿಲು ಒಳಗೆ ಬಿಟ್ಟು, ಕಣ್ಣಿನ ಎತ್ತರದಲ್ಲಿ ಕ್ಯಾಮೆರಾ ಇಟ್ಟು, ಕಾಕಾನ ಮೊಮ್ಮಕ್ಕಳನ್ನು ವರಾಂಡದಲ್ಲಿ ಓಡಿಸಿ ಬೇರೆ ವಿಡಿಯೋ ಮಾಡಿಕೊಟ್ಟೆ. ಆದರೆ ಮೊದಲನೆಯದು ನನ್ನ ಪಾಠವಾಯಿತು. ವರಾಂಡ ಅದೇ, ಹಗಲೂ ಅದೇ. ಮುಖ್ಯವಾಗಿ ಬದಲಾದದ್ದು ಎತ್ತರ ಮತ್ತು ವೇಗ. ಮೊಣಕಾಲೆತ್ತರದಿಂದ ಲೋಕವನ್ನು ನೋಡುವವರು ಯಾರು? ಕೂಸು, ನಾಯಿ, ಇಲ್ಲವೇ ನಮಗೆ ಗೊತ್ತಿಲ್ಲದ ಇನ್ನೊಬ್ಬರು. ನೋಡುತ್ತಿರುವವರು ಯಾರು ಎಂದು ಪ್ರೇಕ್ಷಕನಿಗೆ ಗೊತ್ತಾಗದಿದ್ದರೆ ಅವನು ಕೂತಲ್ಲೇ ಹಿಂದೆ ತಿರುಗಿ ನೋಡುತ್ತಾನೆ. ಆ ದಿನದ ದಿನಚರಿಯಲ್ಲಿ ‘ಯಾರು ಹೆದರಿದರು’ ಎಂಬ ಸಾಲಿನಲ್ಲಿ ‘ಮಾಲೀಕರು’ ಎಂದಿದೆ.

ಅಲ್ಲಿಂದ ನಾಸಿಕಕ್ಕೆ ಹೋದೆ. ವಿನಾಯಕ ಸರ್ ಎಂಬ ಛಾಯಾಗ್ರಾಹಕರ ಕೈಕೆಳಗೆ ಹಲವು ವರ್ಷ ದುಡಿದೆ. ಮೊದಲು ತಂತಿ ಸುತ್ತುವುದು, ಆಮೇಲೆ ಫೋಕಸ್, ಆಮೇಲೆ ಕ್ಯಾಮೆರಾ. ಟಿವಿಗಾಗಿ ಅವರು ದೆವ್ವದ ಧಾರಾವಾಹಿ ಮಾಡುತ್ತಿದ್ದರು. ತೊಟ್ಟಿಮನೆಯಂಥ ಹಳೆಯ ವಾಡೆಯೊಂದರ ಕಿಟಕಿಗಳಿಗೆಲ್ಲ ಕರಿಬಟ್ಟೆ ಬಿಗಿದು ಚಿತ್ರೀಕರಣ. ನಮ್ಮ ಅಮಾವಾಸ್ಯೆಗಳೆಲ್ಲ ಬೆಳಿಗ್ಗೆ ಹತ್ತಕ್ಕೆ ಶುರುವಾಗಿ, ಊಟದ ಹೊತ್ತಿಗೆ ಒಮ್ಮೆ ಬೆಳಗಾಗಿ, ಮತ್ತೆ ಸಂಜೆ ಐದರವರೆಗೆ ಕತ್ತಲಾಗಿರುತ್ತಿದ್ದವು. ಹೊರಗೆ ಬಂದರೆ ಓಣಿಯಲ್ಲಿ ಹೆಂಗಸರು ಹಪ್ಪಳ ಒಣಗಿಸುತ್ತಿರುತ್ತಿದ್ದರು.

ಒಂದು ದಿನ ಸರ್ ನನಗೆ ಎರಡನೆಯ ಕ್ಯಾಮೆರಾ ಕೊಟ್ಟರು. ನಾನು ಪ್ರತಿಯೊಂದು ಶಾಟನ್ನೂ ಓರೆ ಮಾಡಿದೆ. ಬಾಗಿಲು ಓರೆ, ದೀಪ ಓರೆ, ನಾಯಕಿ ಹಾಲು ಕಾಯಿಸುವುದೂ ಓರೆ. ಮನೆಯಲ್ಲಿ ಏನೋ ಸರಿಯಿಲ್ಲ ಎನ್ನುವುದನ್ನು ಓರೆ ಚೌಕಟ್ಟು ಹೇಳುತ್ತದೆ ಎಂದು ಕೋರ್ಸಿನಲ್ಲಿ ಕಲಿಸಿದ್ದರಲ್ಲ! ಸರ್ ಎಲ್ಲವನ್ನೂ ನೋಡಿದರು. ಊಟಕ್ಕೆ ಎದ್ದಾಗ ಕುತ್ತಿಗೆಯನ್ನು ಎಡಕ್ಕೆ ವಾಲಿಸಿಕೊಂಡರು. ಹಾಗೆಯೇ ತಟ್ಟೆ ಹಿಡಿದರು, ಹಾಗೆಯೇ ಚಪಾತಿ ತಿಂದರು. ಯಾರೋ ಏನಾಯಿತು ಎಂದು ಕೇಳಿದ್ದಕ್ಕೆ, “ಶೈಲಾಚಾ ಸೀನ್ ಬಘಿತಲಾ. ಮಾನ್ ಅಡಕ್ಲಿ,” ಅಂದರು. ಶೈಲಾಳ ಸೀನ್ ನೋಡಿದೆ, ಕುತ್ತಿಗೆ ಸಿಕ್ಕಿಕೊಂಡಿತು. ಯೂನಿಟ್ಟಿನವರು ಆ ವಾರವೆಲ್ಲ ನನ್ನನ್ನು ನೋಡಿದಾಗ ಕುತ್ತಿಗೆ ವಾಲಿಸಿ ನಮಸ್ಕಾರ ಮಾಡುತ್ತಿದ್ದರು.

ಗೇಲಿ ಮುಗಿದ ಮೇಲೆ ಅವರು ಪಾಠ ಹೇಳುವ ಬಗೆ ಬೇರೆ. ವಾಡೆಯ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ, “ಮೊದಲು ಮನೆ ತೋರಿಸು,” ಅಂದರು. “ಕಣ್ಣಿನ ಎತ್ತರದಲ್ಲಿ, ನೆಟ್ಟಗೆ. ಅಡುಗೆಮನೆ ಎಲ್ಲಿ, ದೇವರ ಕೋಣೆ ಎಲ್ಲಿ, ಯಾವ ಬಾಗಿಲು ಕಿರ್ ಅನ್ನುತ್ತದೆ, ಎಲ್ಲ ಅವರಿಗೆ ಬಾಯಿಪಾಠ ಆಗಲಿ. ಅದು ತಮ್ಮ ಮನೆ ಅನಿಸಬೇಕು. ಆಮೇಲೆ ಅವರ ಮನೆಯನ್ನು ಅವರಿಂದ ಕಿತ್ತುಕೋ. ಒಂದೇ ಒಂದು ಸಲ ಓರೆ ಮಾಡು, ಸಾಕು.”

ಖಾಲಿ ಜಾಗದ ಮಾತನ್ನೂ ಅವರೇ ಕಲಿಸಿದರು. ನಾಯಕಿ ಕನ್ನಡಿಯ ಮುಂದೆ ಕೂದಲು ಬಾಚುವ ಶಾಟು. ಅವಳನ್ನು ಚೌಕಟ್ಟಿನ ಒಂದು ಮೂಲೆಗೆ ತಳ್ಳಿ, ಬೆನ್ನಹಿಂದೆ ಇಡೀ ಕೋಣೆಯನ್ನು ಖಾಲಿ ಬಿಟ್ಟರು. ಅಲ್ಲಿ ಏನು ಬರುತ್ತದೆ ಎಂದು ಕೇಳಿದೆ. “ಏನೂ ಇಲ್ಲ.” ನಿಜಕ್ಕೂ ಏನೂ ಬರಲಿಲ್ಲ. ಅವಳು ಬಾಚಿದಳು, ಜಡೆ ಹಾಕಿಕೊಂಡಳು, ಎದ್ದು ಹೋದಳು. ಆ ಕಂತು ಪ್ರಸಾರವಾದ ಮರುದಿನ ನಮ್ಮ ಮನೆಯ ಕೆಳಗಿನ ಕಿರಾಣಿ ಅಂಗಡಿಯಲ್ಲಿ ಇಬ್ಬರು ಹೆಂಗಸರು ವಾದ ಮಾಡುತ್ತಿದ್ದರು. ನಾಯಕಿಯ ಹಿಂದೆ ಬಿಳಿ ಸೀರೆ ಕಂಡಿತು ಎಂದು ಒಬ್ಬರು, ಸೀರೆಯಲ್ಲ ಕೈ ಎಂದು ಇನ್ನೊಬ್ಬರು. ನಾನು ಸಕ್ಕರೆ ಕಟ್ಟಿಸಿಕೊಂಡು ಬಂದೆ.

ತಪ್ಪಿನಿಂದ ಒಳ್ಳೆಯದಾದ ಕಥೆಗಳೂ ಇವೆ. ಇಗತಪುರಿಯಲ್ಲಿ ರೈಲು ಹಳಿಯ ಪಕ್ಕದ ಬೆಂಚಿನಲ್ಲಿ ಕೂತ ಹೆಂಗಸಿನ ಶಾಟು ತೆಗೆಯಬೇಕಿತ್ತು. ಶ್ರಾವಣದ ಮಳೆ, ತೊಯ್ದ ಗಾಳಿ. ನಾನು ಎಸಿ ಕಾರಿನಿಂದ ಕ್ಯಾಮೆರಾ ಇಳಿಸಿದವಳೇ ಚಿತ್ರೀಕರಣ ಶುರು ಮಾಡಿಬಿಟ್ಟೆ. ಗಾಜಿನ ಮೇಲೆಲ್ಲ ಮಂಜು. ತಣ್ಣಗಿನ ಲೆನ್ಸ್ ಹೊರಗಿನ ಹವೆಗೆ ಹೊಂದಿಕೊಳ್ಳಲು ಹೊತ್ತು ಬೇಕು ಎಂಬುದು ಈ ಕೆಲಸದ ಅಕ್ಷರಾಭ್ಯಾಸ, ಅದನ್ನೇ ಮರೆತಿದ್ದೆ. ಆದರೆ ಗಾಜು ತಾನಾಗಿ ತಿಳಿಯಾಗುತ್ತ ಬಂದಂತೆ ಮೊದಲು ಬರೀ ಬಿಳುಪು, ಆಮೇಲೆ ಬೆಂಚು, ಆಮೇಲೆ ಅದರ ಮೇಲೆ ಯಾರೋ ಇರುವುದು ಕಂಡಿತು. ಸರ್ ಅದನ್ನೇ ಉಳಿಸಿಕೊಂಡರು. ನೋಡಲು ನಿಂತಿದ್ದ ಹಳಿ ಕಾಯುವವನೊಬ್ಬ, “ಭೂತ್ ಕಶಾಲಾ ಶೋಧ್‌ತಾಯ್? ಆಮ್ಚಾ ಸಾಹೇಬ್ ಯೇತೀಲ್ ಆತ್ತಾ, ಥಾಂಬಾ,” ಅಂದ. ಭೂತ ಯಾಕೆ ಹುಡುಕುತ್ತೀರಿ, ನಮ್ಮ ಸಾಹೇಬರು ಈಗ ಬರುತ್ತಾರೆ, ನಿಲ್ಲಿ.

ಕಾಲ ಬದಲಾದದ್ದನ್ನೂ ಹೇಳಬೇಕು. ನಾನು ಸೇರಿದಾಗ ಶಾಟು ಹೇಗೆ ಬಂತು ಎಂದು ತಿಳಿಯುತ್ತಿದ್ದದ್ದು ಕ್ಯಾಮೆರಾದ ಚಿಕ್ಕ ಪರದೆಗೆ ಕಣ್ಣು ಹಚ್ಚಿದವರಿಗೆ ಮಾತ್ರ. ಈಗ ಸೆಟ್ಟಿನಲ್ಲಿ ದೊಡ್ಡ ಪರದೆ ಇರುತ್ತದೆ. ಎಲ್ಲರೂ ನೋಡುತ್ತಾರೆ, ಎಲ್ಲರಿಗೂ ಅಭಿಪ್ರಾಯವಿರುತ್ತದೆ. ದೀಪದ ಬೆಳಕೊಂದರಲ್ಲೇ ಚಿತ್ರ ತೆಗೆಯುವ ಕ್ಯಾಮೆರಾಗಳು ಬಂದಿವೆ, ಹಾರುವ ಕ್ಯಾಮೆರಾಗಳು ಬಂದಿವೆ. ಅನುಕೂಲ ಬಹಳ. ಆದರೆ ಹಾರಬಲ್ಲದು ಎಂಬ ಒಂದೇ ಕಾರಣಕ್ಕೆ ಕ್ಯಾಮೆರಾವನ್ನು ಹಾರಿಸುವ ಚಟವೂ ಬಂದಿದೆ. ಇದು ನನಗೂ ಅಂಟಿತ್ತು.

ಬಸವರಾಜಪ್ಪ ಕಾಕಾ ಫೋನ್ ಮಾಡಿದ್ದು ಅಂಥ ಕಾಲದಲ್ಲಿ.

“ಶೈಲಾ, ಆ ಲಾಡ್ಜಿನ ವಿಡಿಯೋ ನನ್ನ ತಲ್ಯಾಗಿಂದ ಹೋಗವಲ್ದು ನೋಡು. ಆವಾಗ ತೋರ್ಸು ಅಂದ್ರ ಹೆದರಿಸಿದಿ. ಈಗ ಹೆದರಿಸು ಅಂತೀನಿ. ಏನ್ ತೋರಿಸ್ತಿ ನೋಡೂಣು.”

ಮರಾಠಿಯಲ್ಲಿ ಒಂದು ಚಿಕ್ಕ ಭಯದ ಚಿತ್ರ. ಕಥೆ ಬರೆದು ನಿರ್ದೇಶಿಸುವವನು ಸಾಗರ್ ಎಂಬ ನಾಸಿಕದ ಯುವಕ. ಪೂರ್ತಿ ಚಿತ್ರದ ಕ್ಯಾಮೆರಾ ಹೊಣೆ ಮೊದಲ ಸಲ ನನ್ನ ಮೇಲೆ ಬಂತು. ಕಥೆ ಸರಳ. ವಾಡೆಯೊಂದರಲ್ಲಿ ಅಜ್ಜಿ ತೀರಿಕೊಂಡಿದ್ದಾಳೆ. ನೆಂಟರು ಬರುವವರೆಗೆ ಮೊಮ್ಮಗಳು ಒಬ್ಬಳೇ ಹೆಣ ಕಾಯಬೇಕು. ಅಷ್ಟೇ.

ಅಜ್ಜಿಯ ಪಾತ್ರಕ್ಕೆ ಇಂದುಬಾಯಿ ಬಂದರು. ಹುಮನಾಬಾದಿನವರು, ಚಿಕ್ಕಂದಿನಲ್ಲೇ ಊರೂರು ತಿರುಗುವ ನಾಟಕ ಕಂಪನಿ ಸೇರಿ, ನಾಸಿಕದಲ್ಲಿ ಸಂಸಾರ ಹೂಡಿದವರು. ಎಪ್ಪತ್ತು ದಾಟಿದ್ದರೂ ದನಿ ವಾಡೆಯ ಹಿತ್ತಲಿಗೆ ಕೇಳುತ್ತಿತ್ತು. ನಾನು ಕನ್ನಡದವಳೆಂದು ತಿಳಿದ ಕೂಡಲೇ, “ಅಯ್ಯ, ನಮ್ಮ ಕಡಿ ಹುಡುಗಿ! ಇನ್ನ ಈ ಮಂದೀನ ಬಯ್ಯಲಿಕ್ಕ ನನಗ ಜೋಡಿ ಆತು,” ಅಂದರು. ನಾವೆಲ್ಲ ಅವರನ್ನು ಆಯಿ ಎನ್ನುತ್ತಿದ್ದೆವು.

ಸಾಗರ್ ಬರೆದ ಕೊನೆಯ ದೃಶ್ಯದಲ್ಲಿ ಹೆಣ ಎದ್ದು ಮಾಳಿಗೆಗೆ ಹಾರುತ್ತದೆ. ಅದಕ್ಕೆ ನಾನು ಏನೆಲ್ಲ ಮಾಡಿದೆ! ಕ್ಯಾಮೆರಾವನ್ನು ಉದ್ದನೆಯ ತೋಳಿಗೆ ಕಟ್ಟಿ ತೊಲೆಯಿಂದ ಕೆಳಕ್ಕೆ ನೋಡುವಂತೆ ತಿರುಗಿಸಿದೆ. ಗಾಳಿ ಯಂತ್ರ, ಹೆಣದ ಕಣ್ಣಿಗೆ ಹಾಕುವ ಬಿಳಿ ಲೆನ್ಸು, ಹಗ್ಗ. ಹಗ್ಗಕ್ಕೆ ಆಯಿಯನ್ನು ಕಟ್ಟಲಿಲ್ಲ. ಅವರ ಸೀರೆ ಉಡಿಸಿ ಸಾಹಸದ ಹುಡುಗಿಯೊಬ್ಬಳನ್ನು ಎಳೆದೆವು. ಆಯಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡಿ, “ಬಾವಿ ಕೊಡ ಸೇದಿದಂಗ ಸೇದ್ತಾರಲ್ಲವಾ ನನ್ನ,” ಅಂದರು.

ಆ ಕೊನೆಯ ದೃಶ್ಯವನ್ನು ಜೋಡಿಸಿ ವಾಳೂಜಿನ ಅಂಗಡಿಯ ಮಾಳಿಗೆಯಲ್ಲಿ ಕಾಕಾ, ಅವರ ಹೆಂಡತಿ ಕಾಕು, ಅಂಗಡಿಯ ಕೆಲಸಗಾರರು ಎಲ್ಲರಿಗೂ ತೋರಿಸಿದೆವು. ಹೆಣ ಹಾರಿತು. ಕಾಕು ಸೆರಗು ಬಾಯಿಗೆ ಹಿಡಿದು ನಕ್ಕರು. “ಅಗಸರ ಹಗ್ಗದ ಮ್ಯಾಗಿನ ಸೀರಿ ಗಾಳಿಗೆ ಕಿತ್ಕೊಂಡು ಹೋದಂಗ ಆತ್ರೀ.” ಅಷ್ಟೇ ಸಾಕಾಯಿತು. ಕೆಲಸಗಾರರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಾಕಾ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. “ನೋಡವಾ, ಸಿಟ್ಟಾಗಬ್ಯಾಡ. ಮುಂಬಯಿಯಂವ ಒಬ್ಬ ಕ್ಯಾಮೆರಾಮನ್ ಅದಾನ. ಅವಗ ಮಾತಾಡೀನಿ. ಕೊನೀ ಸೀನ್ ಅಂವ ತೆಗಿತಾನ. ಪಿಚ್ಚರಿನ ಮ್ಯಾಗ ಹೆಸರೂ ಅವಂದ ಬರ್ತದ.”

“ಉಳದದ್ದೆಲ್ಲ ನಾ ತೆಗದದ್ದು ಅಲ್ಲೇನ್ರೀ ಕಾಕಾ?”

“ಹೌದು. ಆದ್ರ ಮಂದಿ ಮನಿಗಿ ಒಯ್ಯೂದು ಕೊನೀದೇ.”

ಮಾತು ನಿಜ, ಅದಕ್ಕೇ ಚುಚ್ಚಿತು. ಹೊಸಬರೇ, ನೆನಪಿಡಿ: ಮೊದಲ ಚಿತ್ರದಲ್ಲೇ ಕ್ಯಾಮೆರಾ ಕಿತ್ತುಕೊಂಡರು ಎಂಬ ಸುದ್ದಿ ಹಬ್ಬಿದರೆ ಎರಡನೆಯ ಚಿತ್ರ ಬರುವುದಿಲ್ಲ. ಅದರಲ್ಲೂ ಹೆಂಗಸಾದರೆ, ಕಿತ್ತುಕೊಂಡದ್ದಕ್ಕೆ ಕಾರಣವನ್ನೂ ಯಾರೂ ಕೇಳುವುದಿಲ್ಲ.

ಮರುದಿನ ಬೆಳಿಗ್ಗೆ ಸಾಗರನನ್ನು ಕರೆದುಕೊಂಡು ಸಂಕಲನದ ಕೋಣೆಗೆ ಹೋದೆ. ತೆಗೆದದ್ದರಲ್ಲೇ ಬೇರೆ ಏನಾದರೂ ಕೊನೆ ಸಿಗುತ್ತದೆಯೋ ಎಂಬ ಆಸೆ. ಸಂಕಲನಕಾರ ಅಲ್ತಾಫ್ ಸಂಭಾಜಿನಗರದವನು. ಅಲ್ಲಿಯವರೆಗೆ ಅವನು ಜೋಡಿಸಿದ್ದೆಲ್ಲ ಕಾರ್ಖಾನೆಗಳ ಸುರಕ್ಷತಾ ಚಿತ್ರಗಳು. ಹೆಲ್ಮೆಟ್ ಹಾಕಿ, ಯಂತ್ರಕ್ಕೆ ಕೈ ಕೊಡಬೇಡಿ ಎನ್ನುವಂಥವು. ಕಥಾಚಿತ್ರ ಇದೇ ಮೊದಲು. ಹಾರುವುದಕ್ಕೆ ಮುಂಚಿನ ದೃಶ್ಯವನ್ನು ತಾನು ಹಿಂದಿನ ಸಂಜೆ ಜೋಡಿಸಿದ್ದಾಗಿ ಹೇಳಿ ಅದನ್ನು ಪರದೆಯ ಮೇಲೆ ತೋರಿಸಿದ.

ಆ ಶಾಟು ನನಗೆ ನೆನಪಿತ್ತು. ಮರಳಿನ ಚೀಲದ ಮೇಲೆ ಕ್ಯಾಮೆರಾ ಇಟ್ಟು, ನೆಲಕ್ಕೆ ಹಾಸಿದ ಚಾಪೆಯ ಎತ್ತರದಿಂದ ತೆಗೆದದ್ದು. ಚೌಕಟ್ಟಿನ ಬಲಕ್ಕೆ, ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಆಯಿಯ ಮುಖ, ಪಕ್ಕದಿಂದ. ಎಡಕ್ಕೆ ದೂರದಲ್ಲಿ ಬಾಗಿಲು. ಮೊಮ್ಮಗಳು ಬಂದು ದೀಪಕ್ಕೆ ಎಣ್ಣೆ ಹಾಕುತ್ತಾಳೆ, ಬಾಗಿಲಿನಿಂದ ಆಚೆ ಹೋಗುತ್ತಾಳೆ. ಕ್ಯಾಮೆರಾ ಅಲುಗುವುದಿಲ್ಲ. ಬಾಗಿಲು ಖಾಲಿ. ಇನ್ನು ಅಲ್ಲಿ ಯಾರು ಬರುತ್ತಾರೋ ಎಂದು ನೋಡುವವರ ಕಣ್ಣು ಅಲ್ಲೇ ಇರುತ್ತದೆ. ಅಲ್ಲಿಗೆ ಶಾಟು ಮುಗಿಯಬೇಕು.

ಮುಗಿಯಲಿಲ್ಲ. ಬಲಗಡೆಯ ಸತ್ತ ಮುಖ ಕಣ್ಣು ತೆರೆಯಿತು. ಬಾಗಿಲಿನ ಕಡೆ ನೋಡಲಿಲ್ಲ. ಮೆಲ್ಲಗೆ ನಮ್ಮ ಕಡೆ ಹೊರಳಿ, ನೇರ ನಮ್ಮ ಕಣ್ಣಲ್ಲಿ ಕಣ್ಣಿಟ್ಟು, ಪ್ರೀತಿಯಿಂದ ನಕ್ಕಿತು.

ಸಾಗರ್ ಕುರ್ಚಿ ಹಿಂದಕ್ಕೆ ತಳ್ಳಿದ. ಆ ಶಾಟನ್ನು ನನ್ನ ಕೈಯಾರೆ ತೆಗೆದ ನನಗೇ ಮೈ ಜುಮ್ಮೆಂದಿತು.

“ಇದನ್ನ ಯಾಕೆ ಇಟ್ಟೆ?”

ಅಲ್ತಾಫ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಶಾಟ್ ಮೇಂ ಥಾ, ಮ್ಯಾಡಂ. ದಾದೀ ನೇ ಕ್ಯಾ ಆಕ್ಟಿಂಗ್ ಕೀ ಹೈ!” ಶಾಟಿನಲ್ಲೇ ಇತ್ತು, ಅಜ್ಜಿ ಎಂಥ ಅಭಿನಯ ಮಾಡಿದ್ದಾರೆ ಎಂದು ಅವನ ಸಂತೋಷ.

ಅಭಿನಯವಲ್ಲ ಅದು. ನಾವು ಕೆಲಸ ಮಾಡಿದ ಸೆಟ್ಟುಗಳಲ್ಲಿ ಒಂದು ರೂಢಿಯಿದೆ. ಹೆಣವಾಗಿ ನಟಿಸಿದವರನ್ನು ಹಾಗೆಯೇ ಎಬ್ಬಿಸಿ ಮನೆಗೆ ಕಳಿಸುವುದಿಲ್ಲ. ಕ್ಯಾಮೆರಾದ ಕಣ್ಣಿಗೆ ಸತ್ತವರು ಅದೇ ಕ್ಯಾಮೆರಾದ ಕಣ್ಣಿಗೆ ಬದುಕಿ ತೋರಿಸಬೇಕು. ಲೆನ್ಸನ್ನೇ ನೋಡಿ ಒಮ್ಮೆ ನಗಬೇಕು, ನಗುವಾಗ ಕ್ಯಾಮೆರಾ ಓಡುತ್ತಿರಬೇಕು. ಆಮೇಲೆ ಆ ತುಣುಕನ್ನು ಕತ್ತರಿಸಿ ಎಸೆಯುತ್ತಾರೆ. ಇದು ಎಷ್ಟು ಮಾಮೂಲು ಎಂದರೆ ಅಲ್ತಾಫ್‌ಗೆ ಹೇಳಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಸುರಕ್ಷತಾ ಚಿತ್ರಗಳಲ್ಲಿ ಯಾರೂ ಸಾಯುವುದಿಲ್ಲವಲ್ಲ. ಸಾಗರ್ ‘ಕಟ್’ ಎಂದದ್ದೂ ಕೇಳಿಸಲಿಲ್ಲ. ಶಬ್ದವನ್ನು ಇನ್ನೂ ಜೋಡಿಸಿರಲಿಲ್ಲ.

ಅದೊಂದು ತುಣುಕನ್ನೇ ನಾವು ಮತ್ತೆ ಮತ್ತೆ ನೋಡಿದೆವು. ತೊಲೆಯಿಂದ ನೋಡಿದ ಹೆಣ ನಮಗೆ ದೂರದ ವಸ್ತುವಾಗಿತ್ತು; ಹಾರಿದರೂ ಕೂತರೂ ಅದರ ಪಾಡು. ಚಾಪೆಯ ಎತ್ತರದಿಂದ ನೋಡುವಾಗ ನಾವೂ ಅದರ ಪಕ್ಕದಲ್ಲಿ ಮಲಗಿದ್ದೇವೆ. ಬಾಗಿಲಿನಿಂದ ಬರುತ್ತದೆ ಎಂದುಕೊಂಡ ಭಯ ಕಿವಿಯ ಪಕ್ಕದಲ್ಲೇ ಇತ್ತು. ಚಿತ್ರದುದ್ದಕ್ಕೂ ಯಾರೂ ನಮ್ಮನ್ನು ನೋಡಿರಲಿಲ್ಲ, ನೋಡಿದವಳು ಸತ್ತವಳೊಬ್ಬಳೇ. ಎಲ್ಲಕ್ಕಿಂತ ಹೆಚ್ಚಾಗಿ, ಆ ನಗುವಿನಲ್ಲಿ ಒಂದು ಹನಿ ಕೆಡುಕಿಲ್ಲ. ಬದುಕಿದ್ದೇನೆ ಎಂದು ಹೇಳುವ ಮುದುಕಿಯ ನಿಜವಾದ ನಗು. ಬಿಳಿ ಕಣ್ಣು ಹಾಕಿಸಿ, ಗಾಳಿ ಬೀಸಿಸಿ ತರಲಾಗದ್ದನ್ನು ಅದು ಸುಮ್ಮನೆ ತಂದಿತ್ತು.

ಆದರೆ ಅದನ್ನು ಬಳಸಬೇಕಾದರೆ ಆಯಿಯ ಒಪ್ಪಿಗೆ ಬೇಕು. ನಾಸಿಕದ ಅವರ ಮನೆಗೆ ಹೋಗಿ ಕೇಳಿದೆ. ಅವರ ಮುಖ ಗಟ್ಟಿಯಾಯಿತು.

“ಆ ನಗಿ ನಿಮ್ಮ ಪಿಚ್ಚರಿಂದಲ್ಲ, ಶೈಲಾ. ನಂದು. ಸಾವಿನ ದೃಷ್ಟಿ ತೆಗೀಲಿಕ್ಕ ನಕ್ಕದ್ದು. ಅದನ್ನೂ ಹೆಣದ ಲೆಕ್ಕಕ್ಕ ಹಾಕಿದ್ರ ನಾ ಇನ್ನೂ ಚಾಪಿ ಮ್ಯಾಗ ಮಲಗಿದಂಗ ಆತಲ್ಲ? ಎದ್ದೇ ಇಲ್ಲ ಅಂದಂಗ?”

ತುಣುಕನ್ನು ಮೊಬೈಲಿನಲ್ಲಿ ತಂದಿದ್ದೆ. ನೋಡಿಯಾದರೂ ನೋಡಿ ಎಂದು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು. ಕಣ್ಣು ತೆರೆಯುವ ಜಾಗ ಬರುತ್ತಲೇ “ಅಯ್ಯಯ್ಯ!” ಎಂದು ಮೊಬೈಲನ್ನು ನನ್ನ ಮಡಿಲಿಗೆ ಎಸೆದರು.

“ಯಾರ ಇಕಿ?”

“ನೀವೇ ಆಯಿ.”

“ಏ, ಹೋಗ್! ನಾ ಹಿಂಗ ನಗ್ತೇನೇನ?” ಮತ್ತೆ ತೆಗೆದುಕೊಂಡರು, ಮತ್ತೆ ನೋಡಿದರು. ಮೂರನೆಯ ಸಲ ನೋಡುವಾಗ ಕಂಪನಿ ನಾಟಕದ ನಟಿ ಎಚ್ಚರಗೊಂಡಿದ್ದಳು. “ಎಷ್ಟ ವರ್ಷ ರಾಕ್ಷಸಿ ಆಗಿ ಕಣ್ಣು ಅರಳಿಸೀನಿ, ಹಲ್ಲು ಕಡದೀನಿ. ಮಂದಿ ಕಡ್ಲಿ ತಿಂದ್ಕೋತ ನೋಡ್ಯಾರ. ಇಷ್ಟ ಇತ್ತೇನ ಕೆಲಸ, ಬರೇ ನಗೂದು?”

ಕೊನೆಗೆ ಅವರೇ ದಾರಿ ಹೇಳಿದರು. “ಆ ನಗಿ ನೀ ತಗೋ. ಅದರ ಬದಲಿ ನನಗ ಇನ್ನೊಂದು ಕೊಡು. ಆ ವಾಡೇದಾಗ, ಅದಾ ಜಾಗದಾಗ, ಅದಾ ಕ್ಯಾಮೆರಾ.”

ಮರುದಿನವೇ ಮಾಡಿದೆವು. ವಾಡೆಯ ಕಿಟಕಿಗಳ ಕರಿಬಟ್ಟೆ ಬಿಚ್ಚಿದೆ. ಆಯಿ ಜರಿಯಂಚಿನ ಸೀರೆ ಉಟ್ಟು ಕುರ್ಚಿಯ ಮೇಲೆ ನೆಟ್ಟಗೆ ಕೂತರು. ಕ್ಯಾಮೆರಾವನ್ನು ಅವರ ಕಣ್ಣಿನ ಎತ್ತರಕ್ಕೆ ಇಟ್ಟೆ. ನಗಬೇಕಾದವರು ನಗುವುದನ್ನು ಬಿಟ್ಟು ಸಾಗರನ ಗಡ್ಡ, ನನ್ನ ಪ್ಯಾಂಟು, ಯೂನಿಟ್ಟಿನ ಚಹಾ ಎಲ್ಲವನ್ನೂ ಬೈದರು; ಬೈಯುತ್ತ ಬೈಯುತ್ತ ಅವರಿಗೇ ನಗು ತಡೆಯಲಾಗಲಿಲ್ಲ. ಆ ತುಣುಕನ್ನು ಎಸೆಯಲಿಲ್ಲ. ಅವರ ಮನೆಯಲ್ಲಿದೆ.

ಕಾಕಾ ಹೊಸ ಕೊನೆಯನ್ನು ತಾವೊಬ್ಬರೇ ಮೊದಲು ನೋಡುವುದಿಲ್ಲವೆಂದರು. “ನಾ ನೋಡಿ ಏನ್ ಮಾಡ್ಲಿ? ಮಂದಿಗಿ ತೋರ್ಸು. ಸಂಭಾಜಿನಗರದಾಗ ನಮ್ಮ ಪರಿಚಯದಂವಂದು ಟಾಕೀಜ್ ಅದ, ಐತವಾರ ಮುಂಜಾನಿ ಒಂದ್ ಆಟ ಕೇಳಿ ಇಟ್ಟೀನಿ. ಮಂದಿ ನಕ್ಕರು ಅಂದ್ರ ಸೋಮವಾರ ಮುಂಬಯಿಯಂವ ಬರ್ತಾನ. ನಾ ಮಾತು ಕೊಟ್ಟೀನಿ.”

ಭಾನುವಾರ ಟಾಕೀಜು ತುಂಬಿತು. ವಾಳೂಜಿನ ಪಾಳಿ ಮುಗಿಸಿ ಬಂದ ಕೆಲಸಗಾರರು, ಅವರ ಸಂಸಾರಗಳು, ಬಸವಕಲ್ಯಾಣದಿಂದ ಬಂದ ಕಾಕಾನ ನೆಂಟರು. ಚಿತ್ರಕ್ಕೆ ಸಂಗೀತ ಹಾಕಿಯಾಗಿತ್ತು. ಕೊನೆಯ ಶಾಟಿಗೆ ಮಾತ್ರ ಏನೂ ಬೇಡವೆಂದು ಹಟ ಹಿಡಿದಿದ್ದೆ. ಕಾಕಾ ಬಾಲ್ಕನಿಯಲ್ಲಿ ಆಯಿಯ ಪಕ್ಕ ಕೂತರು. ನಾನು ಪರದೆಯ ಬದಿಯಲ್ಲಿ, ಜನರ ಕಡೆ ಮುಖ ಮಾಡಿ ನಿಂತೆ. ಇದನ್ನು ನೀವೂ ಮಾಡಿ. ನಿಮ್ಮ ಕೆಲಸ ಹೇಗಿದೆ ಎಂಬುದು ಪರದೆಯ ಮೇಲೆ ಕಾಣುವುದಿಲ್ಲ, ಎದುರಿನ ಮುಖಗಳಲ್ಲಿ ಕಾಣುತ್ತದೆ.

ಚಿತ್ರದ ಮೊದಲ ಅರ್ಧದಲ್ಲಿ ಜನ ಮನೆ ನೋಡಿದರು. ವಿನಾಯಕ ಸರ್ ಹೇಳಿಕೊಟ್ಟಂತೆ ನೆಟ್ಟಗೆ, ಕಣ್ಣಿನ ಎತ್ತರದಲ್ಲಿ ತೋರಿಸಿದ್ದೆ. ಮೊಮ್ಮಗಳು ಅಡುಗೆಮನೆಗೆ ಹೊರಟರೆ ಮುಂದಿನ ಸಾಲಿನ ಹೆಂಗಸೊಬ್ಬಳು ‘ಎಡಕ್ಕೆ’ ಎನ್ನುವಂತೆ ತಲೆ ಆಡಿಸಿದಳು. ಅಷ್ಟು ಒಳಗೆ ಹೋಗಿದ್ದಳು. ಆದರೆ ನಡುವಿನ ಸಾಲಿನಲ್ಲಿ ಒಬ್ಬ ಚೇಷ್ಟೆಗಾರನಿದ್ದ. ಪ್ರತಿಯೊಂದು ಗಂಭೀರ ಜಾಗದಲ್ಲೂ ಅವನದೊಂದು ಮಾತು, ಸುತ್ತಲಿನವರ ನಗು.

ಕೊನೆಯ ಶಾಟು ಬಂತು. ಚಾಪೆ, ಆಯಿಯ ಮುಖ, ದೂರದ ಬಾಗಿಲು. ಮೊಮ್ಮಗಳು ಎಣ್ಣೆ ಹಾಕಿ ಆಚೆ ಹೋದಳು. ಟಾಕೀಜು ಸದ್ದಿಲ್ಲದೆ ಬಾಗಿಲನ್ನೇ ನೋಡುತ್ತಿತ್ತು. ಆಗ ಅವನ ದನಿ ಬಂತು, “ಆಜೀ, ಊಠಾ! ಚಹಾ ಝಾಲಾ!” ಅಜ್ಜೀ ಏಳಿ, ಚಹಾ ಆಯಿತು.

ಇಡೀ ಟಾಕೀಜು ಗೊಳ್ಳೆಂದು ನಕ್ಕಿತು. ಮೇಲೆ ಬಾಲ್ಕನಿಯಲ್ಲಿ ಕಾಕಾ ಹಣೆಗೆ ಕೈ ಹಚ್ಚಿದ್ದು ಕಂಡಿತು. ಮುಗಿಯಿತು ಅಂದುಕೊಂಡೆ.

ಆ ನಗು ಇನ್ನೂ ಬಾಯಲ್ಲಿರುವಾಗಲೇ ಅಜ್ಜಿ ಕಣ್ಣು ತೆರೆದಳು.

ನಗು ನಡುವೆಯೇ ತುಂಡಾಯಿತು. ಅಜ್ಜಿ ಮೆಲ್ಲಗೆ ಹೊ‌ರಳಿದಳು, ಕರೆದವರು ಯಾರು ಎಂದು ನೋಡುವವಳಂತೆ. ನಕ್ಕಳು.

ಮೊದಲ ಕೂಗು ಅವನದೇ. ಅಂಥ ತಾರಕ ಸ್ವರ ಗಂಡಸಿನ ಗಂಟಲಿನಿಂದ ನಾನು ಇನ್ನೊಮ್ಮೆ ಕೇಳಿಲ್ಲ. ಅವನ ಹಿಂದೆ ಇಡೀ ಟಾಕೀಜು. ಸ್ಟೀಲಿನ ಡಬ್ಬಿಯೊಂದು ಬಿದ್ದು ಉರುಳಿಕೊಂಡು ನನ್ನ ಕಾಲ ಬುಡದವರೆಗೆ ಬಂತು. ಮುಂದಿನ ಸಾಲಿನವಳು ಗಂಡನ ಅಂಗಿಯೊಳಗೇ ಮುಖ ಹುದುಗಿಸಿದಳು. ಗಂಡ ಅವಳ ಸೆರಗಿನೊಳಗೆ. ಪರದೆ ಕಪ್ಪಾಗಿ ಹೆಸರುಗಳು ಬರತೊಡಗಿದಾಗ ಜನ ಒಬ್ಬರನ್ನೊಬ್ಬರು ನೋಡಿ ನಾಚಿ ನಕ್ಕರು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಅದು ಟಾಕೀಜೆಲ್ಲ ಹಬ್ಬಿತು. ಮೊದಲ ಹೆಸರುಗಳಲ್ಲಿ ನನ್ನದಿತ್ತು. ನಾನು ಅದನ್ನು ಓದಲಿಲ್ಲ. ಚಪ್ಪಾಳೆ ತಟ್ಟುವ ಕೈಗಳನ್ನೇ ನೋಡುತ್ತಿದ್ದೆ.

ಹೊರಗಿನ ಅಂಗಳಕ್ಕೆ ಬಂದಾಗ ಜನ ಇನ್ನೂ ಹೋಗಿರಲಿಲ್ಲ. ಕಾಕಾ ಬಾಲ್ಕನಿಯ ಮೆಟ್ಟಿಲ ಬುಡದಲ್ಲಿ ಕೈಯಲ್ಲಿ ಮೊಬೈಲ್ ಹಿಡಿದು ನಿಂತಿದ್ದರು. ಆಯಿ ಕಟಕಟೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದರು. ಮೊದಲು ಒಬ್ಬರು ನೋಡಿದರು, ಆಮೇಲೆ ಎಲ್ಲರೂ. ಮಾತು ನಿಂತಿತು. ಚಹಾದ ಮಾತಾಡಿದ ಚೇಷ್ಟೆಗಾರನೂ ಅಲ್ಲೇ ಇದ್ದ. ಕೈ ಜೋಡಿಸಿ ನಿಂತುಬಿಟ್ಟ.

ಎಷ್ಟೋ ವರ್ಷದ ಮೇಲೆ ಇಷ್ಟು ಜನ ತನ್ನನ್ನೇ ನೋಡುತ್ತಿರುವುದನ್ನು ಕಂಡ ಆಯಿಗೆ ಸಂತೋಷ ತಡೆಯಲಾಗಲಿಲ್ಲ. ಮೆಟ್ಟಿಲ ನಡುವೆ ನಿಂತು ಎಲ್ಲರ ಕಡೆ ನೋಡಿ, ಮನಸಾರೆ ನಕ್ಕರು.

ಅಂಗಳಕ್ಕೆ ಅಂಗಳವೇ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಬಸವರಾಜಪ್ಪ ಕಾಕಾ ಯಾವಾಗ ಪಾಪ್‌ಕಾರ್ನ್ ಯಂತ್ರದ ಹಿಂದೆ ಹೋದರೋ ನನಗೆ ತಿಳಿಯಲಿಲ್ಲ. ದನಿ ಮಾತ್ರ ಅಲ್ಲಿಂದ ಬಂತು.

“ಶೈಲಾ! ಮುಂಬಯಿಯಂವಗ ಬರೂದು ಬ್ಯಾಡ ಅಂತ ಹೇಳೀನಿ. ಮುಂದಿನ ಪಿಚ್ಚರೂ ನೀನಾ ತೆಗಿ. ಆದ್ರ ಮೊದಲ ಆಯಿಗೆ ಹೇಳವಾ, ನನ್ನ ಕಡಿ ನೋಡಿ ನಗಬ್ಯಾಡ್ರೀ ಅಂತ!”